ಸೇಡಿನ ಸಿನಿಮಾದ ಅಳುವಕ್ಕ

ಸೇಡಿನ ಸಿನಿಮಾ ಓಡುವುದು ಹೊಡೆದಾಟದಿಂದ ಅಂತ ನೀವು ತಿಳಿದುಕೊಂಡಿದ್ದರೆ, ಆ ಮಾತನ್ನು ಅಳುವಕ್ಕನ ಮುಂದೆ ಮಾತ್ರ ಆಡಬೇಡಿ. ಅವಳು ವಾದಕ್ಕೆ ನಿಲ್ಲುವವಳಲ್ಲ. ನಿಮ್ಮನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ "ಪಾಪ" ಅಂದು ಸುಮ್ಮನಾಗುತ್ತಾಳೆ. ಅದಕ್ಕಿಂತ ನಾಲ್ಕು ಮಾತು ಬೈಸಿಕೊಂಡಿದ್ದರೇ ವಾಸಿಯಿತ್ತು ಅನ್ನಿಸಿಬಿಡುತ್ತದೆ.

ಅಳುವುದೇ ಅವಳ ಕಸುಬು. ನಗಬೇಡಿ, ಹೊಟ್ಟೆಪಾಡು ಎಲ್ಲರಿಗೂ ಒಂದೇ ದಾರಿಯಲ್ಲಿ ಸಿಗುವುದಿಲ್ಲ. ಪರದೆಯ ಮೇಲೆ ಹೆಣದ ಮುಂದೆ ಕೂತು ಎದೆ ಬಡಿದುಕೊಳ್ಳುವ ನಟಿ ಒಬ್ಬಳು, ಆ ಅಳುವಿನ ದನಿ ಇನ್ನೊಬ್ಬಳದು. ನಟಿಯರು ಚೆನ್ನಾಗಿ ಮಾತಾಡುತ್ತಾರೆ, ಹಾಡಿಗೆ ತುಟಿ ಆಡಿಸುತ್ತಾರೆ, ಅಳು ಬಂತೆಂದರೆ ಮಾತ್ರ ನೆಗಡಿಯಾದವರ ಹಾಗೆ ಸೊರಸೊರ ಅನ್ನುತ್ತಾರೆ. ಆಗ ಡಬ್ಬಿಂಗ್ ಸ್ಟುಡಿಯೋದಿಂದ ಅಳುವಕ್ಕನಿಗೆ ಫೋನು ಹೋಗುತ್ತದೆ. ಅವಳು ಅವತ್ತು ಬೆಳಗಿನಿಂದ ಏನೂ ತಿನ್ನದೆ, ಬಾಟಲಿಯಲ್ಲಿ ಬಿಸಿನೀರು ತುಂಬಿಕೊಂಡು, ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ.

ಸ್ಟುಡಿಯೋ ಅಂದರೆ ದೊಡ್ಡದೇನಲ್ಲ. ಪರದೆ ಬಟ್ಟೆ ಮಾರುವ ಅಂಗಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಸೌಂಡಿನವನು ತನ್ನ ಯಂತ್ರಗಳ ಜೊತೆ ಕೂರುತ್ತಾನೆ. ನಡುವೆ ದಪ್ಪ ಗಾಜು. ಇನ್ನೊಂದರ ಗೋಡೆಗೆಲ್ಲ ಸ್ಪಂಜು ಹೊಡೆದಿದೆ, ಬಾಗಿಲು ಎಳೆದುಕೊಂಡರೆ ಒಳಗೆ ಹೆಣ ಬಿದ್ದರೂ ಹೊರಗೆ ಗೊತ್ತಾಗುವುದಿಲ್ಲ. ಅಲ್ಲಿ ಒಂದು ಮೈಕು, ಒಂದು ಸ್ಟೂಲು. ಅಳುವಕ್ಕ ಸ್ಟೂಲಿನ ಮೇಲೆ ಕೂರುವುದಿಲ್ಲ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು, ಒಂದು ಕೈ ಸ್ಟೂಲಿನ ಮೇಲೆ ಊರಿ, ಮೊದಲು ದನಿಯೇ ಇಲ್ಲದೆ ಉಸಿರನ್ನಷ್ಟೇ ಎಳೆಯುತ್ತಾಳೆ. ನಿಜವಾದ ಅಳು ದನಿಯಿಂದ ಶುರುವಾಗುವುದಿಲ್ಲ, ಉಸಿರು ಸಿಗದೆ ಶುರುವಾಗುತ್ತದೆ ಅನ್ನುವುದು ಅವಳ ಮಾತು.

ಅವಳ ಲೆಕ್ಕ ಸರಳ. ಇಂಥ ಸಿನಿಮಾದಲ್ಲಿ ಶುರುವಿಗೇ ಒಂದು ಸಾವಿರುತ್ತದೆ. ತಮ್ಮನೋ, ಮಗಳೋ, ಹೆಂಡತಿಯೋ. ಆ ಹೆಣದ ಮೇಲೆ ಬಿದ್ದು ಯಾರೋ ಅಳುತ್ತಾರೆ. ಆ ಮೊದಲ ಅಳು ನಿಜ ಅನ್ನಿಸಿತೋ, ಥಿಯೇಟರಿನಲ್ಲಿ ಕೂತವರೆಲ್ಲ ಅಲ್ಲಿಂದ ಮುಂದಕ್ಕೆ ನಾಯಕನ ಕಡೆಯವರು. ಅವನು ಕಡಿದರೂ ಸರಿ, ಸುಟ್ಟರೂ ಸರಿ, "ಹಾಕು ಇನ್ನೊಂದು" ಅನ್ನುತ್ತಾರೆ. ಮನೆಯಲ್ಲಿ ಜಿರಳೆ ಹೊಡೆಯಲು ಹೆಂಡತಿಯನ್ನು ಕರೆಯುವವರೂ ಅನ್ನುತ್ತಾರೆ. ಆ ಅಳು ಸುಳ್ಳು ಅನ್ನಿಸಿತೋ, ಮುಗಿಯಿತು. ಆಮೇಲೆ ನಾಯಕ ಎಷ್ಟೇ ಹಲ್ಲು ಕಡಿಯಲಿ, "ಇವನಿಗ್ಯಾಕಪ್ಪ ಇಷ್ಟು ಆವೇಶ" ಅಂತ ಜನ ಆಕಳಿಸುತ್ತಾರೆ. ಸಿನಿಮಾ ಮಕಾಡೆ ಮಲಗುತ್ತದೆ.

ಈ ಲೆಕ್ಕವನ್ನು ಅವಳಿಂದ ಪೂರ್ತಿ ಕಲಿತವನು ಒಬ್ಬನೇ, ಅವಳ ತಮ್ಮನ ಮಗ. ಚಿಕ್ಕಂದಿನಿಂದ ಅವಳೇ ಸಾಕಿದ್ದು. ಈಗ ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಟೈರ್ ಅಂಗಡಿಯಲ್ಲಿ ಲಾರಿ ಚಕ್ರವನ್ನು ಒಬ್ಬನೇ ಉರುಳಿಸುತ್ತಾನೆ, ಆದರೂ ಅವಳ ಬಾಯಲ್ಲಿ ಮರಿಯೇ. ಭಾನುವಾರ ಅಂಗಡಿಗೆ ರಜ. ಅತ್ತೆ, ಅಳಿಯ ಊಟಕ್ಕೆ ಕೂತರೆಂದರೆ ವಾರದ ಸಿನಿಮಾವನ್ನು ಹರಿದು ಹಂಚಿಬಿಡುತ್ತಿದ್ದರು.

"ಹೇಳು, ಇದ್ಯಾಕೆ ಓಡ್ಲಿಲ್ಲ?" ಅಂತ ಅವಳು ಕೇಳುವಳು.

"ವಿಲನ್ ಸಪ್ಪೆ ಅತ್ತೆ. ಎರಡು ಏಟಿಗೇ ಬಿದ್ದೋದ."

"ವಿಲನ್ ಅಲ್ವೋ. ಸತ್ತೋನು ಯಾರು ಅಂತಾನೇ ನಮಗೆ ಗೊತ್ತಾಗ್ಲಿಲ್ಲ. ಬಂದ, ಕೇಕ್ ಕತ್ತರಿಸ್ದ, ಸತ್ತ. ಅಷ್ಟಕ್ಕೆ ಯಾರ ಹೊಟ್ಟೆ ಉರಿಯುತ್ತೆ?"

"ಅಳು ಯಾರದು?"

"ಬೆಂಚಿನ ಹುಡುಗೀದು."

"ಅದಕ್ಕೇ, ಸಿಂಬಳ ಸೀಟಿದ ಹಾಗಿತ್ತು."

ಬೆಂಚಿನ ಹುಡುಗಿ ಅಂದರೆ ಈಚೆಗೆ ಈ ಕಸುಬಿಗೆ ಬಂದವಳು. ಅಳುವಕ್ಕ ಕೈಕೊಟ್ಟರೆ ಇರಲಿ ಅಂತ ಸ್ಟುಡಿಯೋದವರು ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿರುತ್ತಿದ್ದರು. ಅವಳನ್ನು ಹೀಗೆ ಆಡಿಕೊಂಡರೆ ಅತ್ತೆಗೆ ಎರಡು ತುತ್ತು ಜಾಸ್ತಿ ಸೇರುತ್ತದೆ ಅಂತ ಮರಿಗೆ ಗೊತ್ತು, ಬೇಕಂತಲೇ ಆಡಿಕೊಳ್ಳುತ್ತಿದ್ದ. ಇಷ್ಟೆಲ್ಲ ಮಾತಾಡುವ ಇಬ್ಬರೂ ಒಂದು ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಅವರ ಮನೆಯಲ್ಲೂ ಅಂಥದೊಂದು ಸಾವು ಆಗಿತ್ತು.

ಅದಾಗಿ ಹದಿನೈದು ವರ್ಷ. ಅಳುವಕ್ಕನ ತಮ್ಮ ಗೋದಾಮೊಂದರಲ್ಲಿ ಲಾರಿಗೆ ಸಾಮಾನು ಏರಿಸುವ ಕೆಲಸದಲ್ಲಿದ್ದ. ಅಲ್ಲಿನ ಮೇಸ್ತ್ರಿಗೂ ಅವನಿಗೂ ಯಾವುದೋ ಕೆಲಸಕ್ಕೆ ಬಾರದ ಮಾತಿಗೆ ಜಗಳ ಹತ್ತಿತು. ಮೇಸ್ತ್ರಿ ಕೈಯಲ್ಲಿದ್ದ ಕೊಕ್ಕೆಯಿಂದ ಬೀಸಿದ. ಸಾಮಾನು ಏರಿಸುವ ಕಟ್ಟೆಯ ಮೇಲಿಂದ ತಲೆಕೆಳಗಾಗಿ ಬಿದ್ದ ತಮ್ಮ ಮತ್ತೆ ಏಳಲಿಲ್ಲ. ಅಕ್ಕನಿಗೆ ಸುದ್ದಿ ಬಂದಾಗ ಅವಳು ಒಲೆ ಆರಿಸದೆ, ಬಾಗಿಲು ಹಾಕದೆ ಓಡಿದಳು. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಅವನನ್ನು ಮಲಗಿಸಿದ್ದರು. ಅವಳ ಬಾಯಲ್ಲಿ ಮೊದಲು ಬಂದ ಮಾತು, "ಏಳೋ, ಬಾಗಿಲು ತೆಗೆದಿಟ್ಟು ಬಂದಿದೀನಿ ಕಣೋ, ಏಳೋ." ಅದನ್ನೇ ಹೇಳಿದಳು, ಬೈದಳು, ಕೇಳಿಕೊಂಡಳು. ಯಾರು ಎಳೆದರೂ ಅವಳು ಹೆಣದ ಮೇಲಿಂದ ಏಳಲಿಲ್ಲ.

ಮೇಸ್ತ್ರಿಗೆ ಕೆಲವು ವರ್ಷ ಜೈಲಾಯಿತು. ಮರಿಯ ತಾಯಿ ಇನ್ನೊಂದು ಮದುವೆಯಾಗಿ ಹೋದಳು. ಅವಳನ್ನು ದೂರಿ ಏನು ಬಂತು, ವಯಸ್ಸಿನ ಹೆಂಗಸು. ಮರಿ ಅತ್ತೆಯ ಪಾಲಿಗೆ ಉಳಿದ. ಆಗ ಅವಳು ಈ ಕಸುಬಿಗೆ ಹೊಸಬಳು. ಆಮೇಲೆ ಎಷ್ಟೋ ಹೆಣಗಳ ಮೇಲೆ ಅತ್ತಳು, ತಾಯಿಯಾಗಿ, ಹೆಂಡತಿಯಾಗಿ, ಅಜ್ಜಿಯಾಗಿ. ಆದರೆ ತಮ್ಮನ ಮೇಲಿನ ಆ ಅಳುವನ್ನು ಯಾರಿಗೂ ಕೊಡಲಿಲ್ಲ. ಅದೊಂದು ತನ್ನದು ಅಂತ ಎತ್ತಿಟ್ಟುಕೊಂಡಿದ್ದಳು.

ಅದನ್ನು ಅವಳು ಕೊಟ್ಟದ್ದು ಈ ವರ್ಷ, ಒಬ್ಬ ಹೊಸ ಡೈರೆಕ್ಟರಿಗೆ. ಅವನದು ಮೊದಲ ಸಿನಿಮಾ, ಇದು ಬಿದ್ದರೆ ಎರಡನೆಯದು ಇಲ್ಲ ಅಂತ ಮುಖದ ಮೇಲೇ ಬರೆದಿತ್ತು. ತಮ್ಮನ ಹೆಣದ ಮೇಲೆ ಅಕ್ಕ ಬಿದ್ದು ಅಳುವ ದೃಶ್ಯ. ನಟಿಯ ಮುಖ ಹೆಣದ ಎದೆಯಲ್ಲಿ ಹುದುಗಿ ಹೋಗಿದೆ, ತುಟಿ ಕಾಣುವುದಿಲ್ಲ, ಹಾಗಾಗಿ ಮಾತು ಏನಿದ್ದರೂ ನಡೆಯುತ್ತದೆ. ಅಳುವಕ್ಕ ಒಂದು ಸಲ ಅತ್ತಳು. ಇನ್ನೊಂದು ಸಲ ಅತ್ತಳು. ಮಧ್ಯಾಹ್ನದ ಹೊತ್ತಿಗೆ ಗಂಟಲು ಕಿತ್ತುಬರುತ್ತಿತ್ತು.

ಹೆಡ್‌ಫೋನಿನಲ್ಲಿ ಡೈರೆಕ್ಟರ್ ದನಿ ಬಂತು. "ಅಕ್ಕ, ಚೆನ್ನಾಗೇ ಇದೆ. ಆದ್ರೆ ಇದನ್ನ ನಾನು ಮೊದ್ಲೇ ಕೇಳಿದೀನಿ."

"ಎಲ್ಲಿ ಕೇಳಿದ್ರಿ?"

"ನೀವೇ ಅತ್ತಿರೋದು. ಬೇರೆ ಸಿನಿಮಾಗಳಲ್ಲಿ. ನನಗೆ ಇದು ಹೊಸದಾಗಿ ಬೇಕು. ಆಗಲ್ಲ ಅಂದ್ರೆ ಹೇಳ್ಬಿಡಿ, ಬೇಜಾರಿಲ್ಲ."

ಗಾಜಿನಾಚೆ, ಸೌಂಡಿನವನ ಬೆನ್ನ ಹಿಂದೆ, ಬಾಗಿಲು ಅರ್ಧ ತೆರೆದಿತ್ತು. ಬೆಂಚಿನ ಹುಡುಗಿ ಚಪ್ಪಲಿ ಬಿಟ್ಟು ಬಿಸಿನೀರು ಕುಡಿಯುತ್ತಿದ್ದಳು. ಅಳುವಕ್ಕನ ಮೈ ಉರಿದುಹೋಯಿತು. "ಇನ್ನೊಂದ್ಸಲ ಹಾಕಪ್ಪ" ಅಂದಳು. ಚಿತ್ರ ಓಡಿತು. ಅವಳು ಸ್ಟೂಲಿನ ಮೇಲಿಂದ ಕೈ ತೆಗೆದಳು. ಉಸಿರು ಎಳೆಯಬೇಕಾಗಲಿಲ್ಲ, ತಾನಾಗಿಯೇ ನಿಂತುಹೋಯಿತು. "ಏಳೋ" ಅಂದಳು. "ಬಾಗಿಲು ತೆಗೆದಿಟ್ಟು ಬಂದಿದೀನಿ ಕಣೋ, ಏಳೋ."

ಚಿತ್ರ ಮುಗಿದು ಪರದೆ ಕಪ್ಪಾದ ಮೇಲೂ ಅವಳು ಸ್ವಲ್ಪ ಹೊತ್ತು ಅಳುತ್ತಿದ್ದಳು. ಸೌಂಡಿನವನು ಕನ್ನಡಕ ತೆಗೆದು ಒರೆಸುತ್ತಿದ್ದ. ಬೆಂಚಿನ ಹುಡುಗಿ ಯಾರಿಗೂ ಹೇಳದೆ ಎದ್ದು ಮನೆಗೆ ಹೋಗಿದ್ದಳು. ಗೆದ್ದೆ ಅಂತ ಅಳುವಕ್ಕನಿಗೆ ಬಸ್ಸು ಹತ್ತುವವರೆಗೆ ಅನ್ನಿಸುತ್ತಿತ್ತು. ಬಸ್ಸಿನಲ್ಲಿ ಕೂತ ಮೇಲೆ, ತಮ್ಮನನ್ನು ಸಂತೆಯಲ್ಲಿ ಮಾರಲು ನಿಲ್ಲಿಸಿ ಬಂದ ಹಾಗಾಯಿತು. ಮನೆಯಲ್ಲಿ ಮರಿಗೆ ಏನೂ ಹೇಳಲಿಲ್ಲ. ಅಪ್ಪ ಸತ್ತಾಗ ಅವನು ಆರು ವರ್ಷದ ಕೂಸು, ಅವನಿಗೆ ಏನು ನೆನಪಿರುತ್ತದೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸಿನಿಮಾ ಓಡಿತು ಅಂದರೆ ಹೇಗೆ, ಟಿಕೆಟ್ ಸಿಗದವರು ಥಿಯೇಟರಿನ ಗೇಟು ಅಲ್ಲಾಡಿಸುವ ಹಾಗೆ. ಅಳುವಕ್ಕ ತಾನೂ ಒಂದು ಸಲ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿದಳು, ಪರದೆಯನ್ನಲ್ಲ, ಜನರನ್ನು. ಆ ಅಳು ಬಂದಾಗ ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. ಅವಳ ಪಕ್ಕದಲ್ಲಿದ್ದ ಸಣಕಲ ಮನುಷ್ಯ, ನೋಡಿದರೆ ಯಾವುದೋ ಆಫೀಸಿನ ಗುಮಾಸ್ತನ ಹಾಗಿದ್ದವನು, ಮುಷ್ಟಿ ಬಿಗಿದು "ಬಿಡಬೇಡ ಅವನನ್ನ" ಅಂತ ಗೊಣಗಿದ. ಅವಳಿಗೆ ಹೆಮ್ಮೆಯಾಯಿತು. ಆಗಲಿಲ್ಲ ಅಂತ ಯಾಕೆ ಸುಳ್ಳು ಹೇಳಬೇಕು.

ಮರಿ ಮೊದಲ ದಿನವೇ ನೋಡಿ ಬಂದಿದ್ದ. ಆ ಭಾನುವಾರ ಊಟಕ್ಕೆ ಕೂತಾಗ ಅವಳೇ ಕೇಳಿದಳು, "ಹೇಗಿತ್ತೋ?"

"ಓಡುತ್ತೆ" ಅಂದ. ಅಷ್ಟೇ. ವಿಲನ್ ಬಗ್ಗೆ ಇಲ್ಲ, ಹೊಡೆದಾಟದ ಬಗ್ಗೆ ಇಲ್ಲ, ಬೆಂಚಿನ ಹುಡುಗಿಯನ್ನೂ ಎಳೆದು ತರಲಿಲ್ಲ. ಮುಂದಿನ ಭಾನುವಾರವೂ ತಟ್ಟೆ ನೋಡಿಕೊಂಡು ಉಂಡು ಎದ್ದ. ಮತ್ತೆ ಮತ್ತೆ ಅದೇ ಸಿನಿಮಾಕ್ಕೆ ಹೋಗುತ್ತಿದ್ದಾನೆ ಅಂತ ಅವನ ಅಂಗಿಯ ಜೇಬಿನ ಹರಿದ ಟಿಕೆಟುಗಳಿಂದ ಗೊತ್ತಾಗುತ್ತಿತ್ತು. ಬಟ್ಟೆ ಒಗೆಯುವಾಗ ಅವಳು ಅವನ್ನು ತೆಗೆದು ಬಿಸಾಡುತ್ತಿದ್ದಳು, ಕೇಳಲು ಬಾಯಿ ಬರುತ್ತಿರಲಿಲ್ಲ.

ಮೂರನೆಯ ಭಾನುವಾರ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ, ಊಟದ ಡಬ್ಬಿ ತೊಳೆಯೋಣ ಅಂತ ಅವಳು ಅವನ ಬ್ಯಾಗಿಗೆ ಕೈ ಹಾಕಿದಳು. ಡಬ್ಬಿಯ ಕೆಳಗೆ ಹಳೆಯ ಬಟ್ಟೆಯಲ್ಲಿ ಸುತ್ತಿದ ಭಾರವಾದದ್ದು ಏನೋ ಸಿಕ್ಕಿತು. ಬಿಚ್ಚಿದರೆ ಟೈರ್ ಕೀಳುವ ಕಬ್ಬಿಣದ ಸಲಾಕೆ, ಮೊಳದುದ್ದ.

ಮರಿ ತಲೆ ಒರೆಸಿಕೊಳ್ಳುತ್ತ ಬಂದ. ಸಲಾಕೆ ಮೇಜಿನ ಮೇಲಿತ್ತು.

"ಇದ್ಯಾಕೆ ಮನೆಗೆ ಬಂತು?" ಅಂತ ಕೇಳಿದಳು.

"ಕೆಲ್ಸ ಇದೆ."

"ಅಂಗಡಿಗೆ ರಜ ಅಲ್ವೇನೋ."

"ಅಂಗಡಿ ಕೆಲ್ಸ ಅಲ್ಲ." ಅವನು ಟವಲನ್ನು ಕುರ್ಚಿಯ ಮೇಲೆ ಹಾಕಿ ಅವಳ ಎದುರು ಕೂತ. ದನಿ ಎತ್ತರಿಸಲಿಲ್ಲ. "ಆ ಮೇಸ್ತ್ರಿ ಈಗ ಎಲ್ಲಿದಾನೆ ಗೊತ್ತಾ ಅತ್ತೆ? ಹಳೇ ಫರ್ನಿಚರ್ ಗೋದಾಮಿನಲ್ಲಿ ವಾಚ್‌ಮನ್. ಗೇಟಿನ ಹತ್ರ ಕುರ್ಚಿ ಹಾಕ್ಕೊಂಡು ಬಿಸಿಲು ಕಾಯಿಸ್ತಾ ಕೂತಿರ್ತಾನೆ. ಹೋಗಿ ನೋಡ್ಕೊಂಡು ಬಂದೆ. ನಿನ್ನೆ ಅವನು ಬಾಳೆಹಣ್ಣು ತಿಂತಾ ಇದ್ದ."

"ಮರಿ..."

"ಅವನು ಅಲ್ಲಿರೋದು ನಂಗೆ ಹೋದ ವರ್ಷಾನೇ ಗೊತ್ತಿತ್ತು. ಸುಮ್ನಿದ್ದೆ. ಈಗ ಆಗ್ತಿಲ್ಲ. ಆ ಸಿನಿಮಾದಲ್ಲಿ ನೀನು ಅತ್ತಿರೋದು ಸಿನಿಮಾ ಅಳು ಅಲ್ಲ. ಆವತ್ತು ನಾನು ಅಲ್ಲೇ ಇದ್ದೆ. ನಿನ್ನ ಬಟ್ಟೆ ಹಿಡ್ಕೊಂಡು ನಿಂತಿದ್ದೆ. ಏಳೋ ಏಳೋ ಅಂತಿದ್ದೆ ನೀನು. ಅಪ್ಪನ ಮುಖ ನಂಗೆ ಸರಿಯಾಗಿ ನೆನಪಿಲ್ಲ. ನಿನ್ನ ಅಳು ಮಾತ್ರ ನೆನಪಿದೆ."

ಬೇಡ ಕಣೋ, ಹೋಗಬೇಡ, ಅವನನ್ನ ಹೊಡೆದರೆ ನಿಮ್ಮಪ್ಪ ಎದ್ದು ಬರ್ತಾನಾ. ಈ ಮಾತೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಂಥ ಮಾತನ್ನು ಅವಳು ಮೈಕಿನ ಮುಂದೆ ಎಷ್ಟು ಸಲ ಹೇಳಿಲ್ಲ. ಬಾಗಿಲಿಗೆ ಅಡ್ಡ ನಿಂತ ಹೆಂಗಸು ಅದನ್ನು ಹೇಳುತ್ತಾಳೆ, ನಾಯಕ ಅವಳ ಕೈ ಸರಿಸಿ ಹೋಗುತ್ತಾನೆ. ಹೋಗಲಿ ಅಂತಲೇ ಆ ಮಾತನ್ನು ಇಟ್ಟಿರುತ್ತಾರೆ. ಅವಳು ಅದನ್ನು ನುಂಗಿಕೊಂಡಳು. ಇವನು ಇವತ್ತು ಹೋದರೆ ಜೈಲಿಗೆ, ಇಲ್ಲವೇ ಹೆಣವಾಗಿ ಇನ್ನೊಂದು ಆಸ್ಪತ್ರೆಯ ಹಿಂದಿನ ಕೋಣೆಗೆ. ಇವನನ್ನು ನಿಲ್ಲಿಸಬೇಕಾದರೆ ಈ ಸಿನಿಮಾ ಇಲ್ಲೇ ಬೀಳಬೇಕು.

ಬೀಳಿಸಲು ಎರಡು ದಾರಿ ಅವಳಿಗೆ ಗೊತ್ತಿತ್ತು. ಒಂದು, ಸತ್ತವನು ಒಳ್ಳೆಯವನಲ್ಲ ಅನ್ನುವುದು. ನಿಮ್ಮಪ್ಪನೇ ಮೊದಲು ಕೈ ಮಾಡಿದ್ದು, ಕುಡಿದಿದ್ದ, ನಿಮ್ಮಮ್ಮನನ್ನ ಬಡಿಯುತ್ತಿದ್ದ. ಹೇಳಿದರೆ ಅಲ್ಲ ಅನ್ನುವವರು ಯಾರೂ ಉಳಿದಿಲ್ಲ. ಬಾಯಿ ತೆರೆದಳು, ಆಗಲಿಲ್ಲ. ಅವಳ ಬೆನ್ನ ಮೇಲೆ ಬೆಳೆದ ತಮ್ಮ ಅವನು.

ಉಳಿದದ್ದು ಇನ್ನೊಂದು ದಾರಿ.

"ಅದು ಸಿನಿಮಾ ಅಳೂನೇ" ಅಂದಳು.

"ಏನು?"

"ಆವತ್ತಿಂದೂ ಸಿನಿಮಾ ಅಳೂನೇ ಕಣೋ." ಅವಳು ಊಟದ ಡಬ್ಬಿಯನ್ನು ಎತ್ತಿಕೊಂಡು ಮುಚ್ಚಳ ತೆಗೆಯತೊಡಗಿದಳು, ಕೈಗೆ ಏನಾದರೂ ಕೆಲಸ ಬೇಕಿತ್ತು. "ನಂಗೆ ಆವತ್ತು ಅಳು ಬರ್ಲಿಲ್ಲ. ನಿಮ್ಮಪ್ಪನಿಗೂ ನಂಗೂ ಮಾತು ಬಿಟ್ಟು ಸುಮಾರು ದಿನ ಆಗಿತ್ತು. ಹೋದೆ, ನೋಡ್ದೆ, ಏನೂ ಅನ್ನಿಸ್ಲಿಲ್ಲ. ಜನ ಎಲ್ಲ ನನ್ನೇ ನೋಡ್ತಿದ್ರು. ಒಡಹುಟ್ಟಿದವಳು, ಕಣ್ಣಲ್ಲಿ ಒಂದು ಹನಿ ನೀರಿಲ್ಲ ಅಂತ ಒಬ್ಳು ಅಂದ್ಳು. ಆಮೇಲೆ ಅತ್ಬಿಟ್ಟೆ."

ಮರಿ ಅವಳನ್ನೇ ನೋಡುತ್ತಿದ್ದ. "ಬಾಗಿಲು ತೆಗೆದಿಟ್ಟು ಬಂದಿದೀನಿ ಅಂದಿದ್ದು?"

"ಹಿಂದಿನ ವಾರ ಒಂದು ಸಿನಿಮಾಕ್ಕೆ ಹೇಳಿದ್ದೆ. ಬಾಯಲ್ಲಿತ್ತು, ಬಂತು."

"ಯಾವ ಸಿನಿಮಾ?"

"ಅದು ಬಿಡುಗಡೆ ಆಗ್ಲೇ ಇಲ್ಲ."

ಅಳುವನ್ನು ತೂಗಿ ನೋಡುವುದನ್ನು ಅವನಿಗೆ ಕಲಿಸಿದವಳೇ ಅವಳು, ಸುಳ್ಳಾದರೆ ಅವನ ಕಿವಿಗೆ ಗೊತ್ತಾಗದೆ ಇರುವುದಿಲ್ಲ. ಅವಳು ದನಿಯನ್ನು ಏರುಪೇರಾಗದ ಹಾಗೆ ಹಿಡಿದಿಟ್ಟಿದ್ದಳು. ಇಷ್ಟು ವರ್ಷದ ಕಸುಬಿನಲ್ಲಿ ಇಂಥ ಕೆಲಸವನ್ನು ಅವಳು ಮಾಡಿರಲಿಲ್ಲ.

"ಆಮೇಲೆ ಯಾವತ್ತಾದ್ರೂ ಅತ್ತಿದೀಯಾ ಅಪ್ಪನಿಗೋಸ್ಕರ?" ಅಂತ ಕೇಳಿದ.

"ಇಲ್ಲ."

"ಒಂದ್ಸಲಾನೂ?"

"ಸುಳ್ಳು ಹೇಳ್ಲಾ?"

ಮರಿಯ ಮುಖದಲ್ಲಿದ್ದ ಬಿಗಿ ಸಡಿಲವಾಯಿತು. ಅದರ ಜಾಗಕ್ಕೆ ಬಂದದ್ದು ಅವಳು ಈವರೆಗೆ ಅವನಲ್ಲಿ ಕಂಡಿರದ ಮುಖ. ಕೊಳೆತ ಹಣ್ಣು ಕೈಗೆ ತಗಲಿದವನ ಹಾಗೆ ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅದೊಂದನ್ನೇ ಹಿಡ್ಕೊಂಡು ಬೆಳೆದೆ ನಾನು" ಅಂದ. "ನನ್ನ ಅಪ್ಪನಿಗೆ ಒಬ್ಳಾದ್ರೂ ನಿಜವಾಗಿ ಅತ್ಲು ಅಂತ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು.

ಅವನು ಎದ್ದು ಬಟ್ಟೆಗಳನ್ನು ಬ್ಯಾಗಿಗೆ ತುರುಕಿಕೊಂಡ. ಇನ್ನು ಮೇಲೆ ಅಂಗಡಿಯ ಅಟ್ಟದಲ್ಲೇ ಮಲಗುತ್ತೇನೆ ಅಂದ. ಸಲಾಕೆಯನ್ನು ಮುಟ್ಟಲಿಲ್ಲ. ಅವನು ಮೆಟ್ಟಿಲಿಳಿಯುವ ಸದ್ದು ಕೇಳಿದ ಕೂಡಲೇ ಅವಳ ಉಸಿರು ನಿಂತಿತು. ಇದು ಏನು ಅಂತ ಅವಳಿಗೆ ಗೊತ್ತು, ಮೊದಲು ಉಸಿರು ಹೋಗುತ್ತದೆ, ಆಮೇಲೆ ದನಿ ಬರುತ್ತದೆ. ಅವನ ಒದ್ದೆ ಟವಲನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದಳು. ಕೆಳಗೆ ಹೆಜ್ಜೆ ನಿಂತಿತು. ಮತ್ತೆ ಮೇಲೆ ಬರತೊಡಗಿತು.

ಅವಳು ಟವಲು ತೆಗೆದು ಮುಖ ಒರೆಸಿಕೊಂಡು ಬಾಗಿಲು ತೆರೆದಳು.

"ಚಾರ್ಜರ್ ಬಿಟ್ಟೆ" ಅಂದ ಮರಿ. ಅವನ ಕಣ್ಣು ಚಾರ್ಜರನ್ನು ಹುಡುಕುತ್ತಿರಲಿಲ್ಲ, ಅವಳ ಮುಖವನ್ನು ಹುಡುಕುತ್ತಿತ್ತು.

ಅವಳು ಗೋಡೆಯಿಂದ ಚಾರ್ಜರ್ ಕಿತ್ತು, ವೈರು ಸುತ್ತಿ ಕೊಟ್ಟಳು. "ಊಟ ಮಾಡ್ಕೊಂಡು ಹೋಗ್ತೀಯಾ?" ಅಂದಳು, ದಿನಾ ಕೇಳುವ ಹಾಗೆ.

ಅವನು ಇನ್ನೊಂದು ಸಲ ನೋಡಿದ. "ಬೇಡ" ಅಂದು ಇಳಿದುಹೋದ.

ಅವಳು ಕಿಟಕಿಗೆ ಹೋದಳು. ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿದರೆ ಗೋದಾಮುಗಳು, ಬಲಕ್ಕೆ ಟೈರ್ ಅಂಗಡಿ. ಅವನು ಬಲಕ್ಕೆ ತಿರುಗಿದ. ಅವಳು ಹಾಗೇ ಕುಸಿದು ಕೂತಳು. ಆಗಲೂ ಅಳುವ ಹಾಗಿರಲಿಲ್ಲ. ಕೆಳಗಿನ ಮನೆಯಾಕೆ ಒಂದು ಲೋಟ ಬಿದ್ದರೂ ಓಡಿ ಬರುವವಳು, ನಿಮ್ಮತ್ತೆ ಹೀಗೆ ಅಳ್ತಿದಾಳೆ ಅಂತ ಮರಿಗೆ ಫೋನು ಮಾಡದೆ ಬಿಡುವವಳಲ್ಲ. ಅವಳು ಇಡೀ ದಿನ ಟವಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಮರುದಿನ ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಸ್ಟುಡಿಯೋಗೆ ಹೋದಳು. ಸೌಂಡಿನವನು ಆಗಷ್ಟೇ ಬಾಗಿಲು ತೆಗೆಯುತ್ತಿದ್ದ. "ಇವತ್ತು ಏನೂ ಇಲ್ವಲ್ಲ ಅಕ್ಕ" ಅಂದ.

"ಗಂಟಲು ಕಟ್ಟಿದೆ ಕಣಪ್ಪ. ಸ್ವಲ್ಪ ಪ್ರಾಕ್ಟೀಸ್ ಮಾಡ್ಕೋತೀನಿ. ಮೈಕ್ ಹಾಕ್ಬೇಡ. ನೀನು ಟೀ ಕುಡ್ಕೊಂಡು ಬಾ."

ಅವಳು ಒಳಗೆ ಹೋಗಿ ದಪ್ಪ ಬಾಗಿಲನ್ನು ಎಳೆದುಕೊಂಡಳು. ಸೌಂಡಿನವನು ಟೀ ಮುಗಿಸಿ ಬಂದಾಗ ಅವಳು ಗಾಜಿನಾಚೆ ನೆಲದ ಮೇಲೆ ಕೂತಿದ್ದಳು, ಚಪ್ಪಲಿ ಕಾಲಲ್ಲೇ ಇತ್ತು. ಬಾಯಿ ಅಗಲವಾಗಿ ತೆರೆದಿತ್ತು, ಮೈ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ಇವನಿಗೆ ಏನೂ ಕೇಳುತ್ತಿರಲಿಲ್ಲ. ಅಕ್ಕ ಇವತ್ತು ಒಳ್ಳೆ ಲಹರಿಯಲ್ಲಿದ್ದಾಳೆ, ಹಿಡಿದಿಟ್ಟುಕೊಂಡರೆ ಯಾವುದಕ್ಕಾದರೂ ಆಗುತ್ತದೆ ಅಂತ ಮೈಕಿನ ಬಟನ್ ಮೇಲೆ ಬೆರಳಿಟ್ಟ. ಹಾಕಬೇಡ ಅಂದಿದ್ದಾಳಲ್ಲ ಅಂತ ನೆನಪಾಗಿ ತೆಗೆದ.